ಐವತ್ತೇಳು ಪರ್ಸೆಂಟಿಗೊಂದು ಕಾಲೇಜು

ಪಿಯುಸಿ ಫಲಿತಾಂಶ ಬಂದ ಮೇಲೆ ಒಂದೂವರೆ ತಿಂಗಳು ಮಂಗಳೂರಿನಲ್ಲಿ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಬಸ್ಸಿನಲ್ಲಿ, ತರಕಾರಿ ಅಂಗಡಿಯಲ್ಲಿ, ಹಲ್ಲಿನ ಡಾಕ್ಟರರ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗಲೂ ಕೇಳುವುದು ಒಂದೇ, "ನಿಮ್ಮಲ್ಲಿ ಈ ಸಲ ಯಾರು? ಎಷ್ಟು ಪರ್ಸೆಂಟ್?" ಮನೆಯಲ್ಲಿ ಪಿಯುಸಿ ಮುಗಿಸಿದವರು ಯಾರೂ ಇಲ್ಲ ಎಂದರೆ ಕೇಳಿದವರಿಗೆ ಬೇಸರವಾಗುತ್ತದೆ. ಇಂಥ ಊರಿನಲ್ಲಿ ನಗುವಂಥ ಸಂಗತಿಗಳು ವರ್ಷವರ್ಷವೂ ನಡೆಯುತ್ತಲೇ ಇರುತ್ತವೆ, ನಡೆಯುವಾಗ ಮಾತ್ರ ಯಾರಿಗೂ ನಗು ಬರುವುದಿಲ್ಲ. ಎರಡು ವರ್ಷದ ಹಿಂದೆ ನಮ್ಮ ಸರದಿ ಬಂತು.

ನಾನಿರುವುದು ಮಣ್ಣಗುಡ್ಡದಲ್ಲಿ. ಕೆಲಸ ವಿಮಾ ಕಂಪೆನಿಯ ಕ್ಲೇಮ್ ವಿಭಾಗದಲ್ಲಿ. ಅಂದರೆ ಯಾರು ಏನು ಹೇಳಿದರೂ ಕೆಳಗೆ ಸಣ್ಣ ಅಕ್ಷರದಲ್ಲಿ ಬೇರೇನೋ ಬರೆದಿರುತ್ತದೆ ಎಂದು ನಂಬುವುದಕ್ಕೆ ಸಂಬಳ ತೆಗೆದುಕೊಳ್ಳುವವನು. ಅಕ್ಕನ ಮನೆ ಸುರತ್ಕಲ್ಲಿನಲ್ಲಿ. ಭಾವ ಅಲ್ಲೇ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಅವರ ಒಬ್ಬಳೇ ಮಗಳಿಗೆ ಪಿಯುಸಿ ಸೈನ್ಸಿನಲ್ಲಿ ಐವತ್ತೇಳು ಪರ್ಸೆಂಟ್ ಬಂತು.

ಅವಳಿಗೆ ಬೇಕಾದದ್ದು ಬಿ.ಎಸ್ಸಿ.ಯಲ್ಲಿ ಆಹಾರ ವಿಜ್ಞಾನ. ದೇವಸ್ಥಾನದ ಪಂಚಕಜ್ಜಾಯವನ್ನು ಸಣ್ಣ ಸಣ್ಣ ಡಬ್ಬಿಗಳಲ್ಲಿಟ್ಟು ಯಾವುದು ಯಾವಾಗ ಹಾಳಾಗುತ್ತದೆ ಎಂದು ನೋಡುವ ಅಭ್ಯಾಸ ಹೈಸ್ಕೂಲಿನಿಂದಲೇ ಇತ್ತು. ಅಕ್ಕನ ಮನೆಯ ಫ್ರಿಜ್ಜಿನಲ್ಲಿ ಯಾವ ಡಬ್ಬಿ ತೆರೆಯುವುದಾದರೂ ಮೊದಲು ಅವಳನ್ನು ಕೇಳಬೇಕು. ಅಕ್ಕ ಭಾವನ ಷರತ್ತು ಎರಡು: ಸಾಲ ಮಾಡಬಾರದು, ಅಕ್ಕನ ಕುತ್ತಿಗೆಯ ಸರ ಕುತ್ತಿಗೆಯಲ್ಲೇ ಇರಬೇಕು. ಇಷ್ಟೆಲ್ಲಕ್ಕೂ ಹೊಂದುವ ಕಾಲೇಜು ಹುಡುಕುವ ಕೆಲಸ, ಸ್ಕೂಟರ್ ಇದೆ ಎಂಬ ಒಂದೇ ಕಾರಣಕ್ಕೆ, ನನ್ನ ಮೇಲೆ ಬಿತ್ತು.

ಬರೆದದ್ದು, ಬರೆಯದ್ದು

ಹುಡುಗಿ ಸೋಮಾರಿಯಲ್ಲ. ಬೆಳಿಗ್ಗೆ ಭಾವ ನೈವೇದ್ಯದ ಅಕ್ಕಿ ತೊಳೆಯುವ ಹೊತ್ತಿಗೆ ಅವಳ ಪುಸ್ತಕ ತೆರೆದಿರುತ್ತಿತ್ತು. ಅವಳ ತೊಂದರೆ ಬೇರೆ. ಒಂದು ಪ್ರಶ್ನೆಗೆ ಪೂರ್ತಿ ಉತ್ತರ ಆಗದೆ ಮುಂದಿನದನ್ನು ಮುಟ್ಟುವುದಿಲ್ಲ. ಪೂರ್ತಿ ಅಂದರೆ ವಿವರಣೆ, ಚಿತ್ರ, ಚಿತ್ರಕ್ಕೆ ಬಾಣ, ಬಾಣಕ್ಕೆ ಹೆಸರು, ಆಮೇಲೆ ಒಂದು ಉದಾಹರಣೆ. ಉದಾಹರಣೆ ಸಮಾಧಾನ ಕೊಡದಿದ್ದರೆ ಇನ್ನೊಂದು. ಹಾಗಾಗಿ ಪ್ರತಿ ಪರೀಕ್ಷೆಯಲ್ಲೂ ಅವಳು ಪ್ರಶ್ನೆಪತ್ರಿಕೆಯ ಅರ್ಧದಲ್ಲಿರುವಾಗ ಗಂಟೆ ಬಾರಿಸುತ್ತಿತ್ತು.

ಫಲಿತಾಂಶ ಬಂದ ಮರುದಿನ ಅವಳನ್ನು ಕರೆದುಕೊಂಡು ಅವಳ ಫಿಸಿಕ್ಸ್ ಲೆಕ್ಚರರ್ ಹತ್ತಿರ ಹೋದೆ. ಅವರು ತುಂಬ ಒಳ್ಳೆಯ ಮನುಷ್ಯ.

"ಬರೆದದ್ದಕ್ಕೆಲ್ಲ ಪೂರ್ತಿ ಮಾರ್ಕು ಬಂದಿದೆ," ಎಂದರು. "ಬರೆಯದ್ದಕ್ಕೆ ಕೊಡುವ ಕ್ರಮ ಇಲ್ಲ."

ಆಮೇಲೆ ಅವಳ ಕಡೆ ತಿರುಗಿ, "ಎರಡು ಮಾರ್ಕಿನ ಪ್ರಶ್ನೆಗೆ ಅಷ್ಟು ದೊಡ್ಡ ಚಿತ್ರ ಯಾಕೆ ಬರೀತೀ?" ಎಂದು ಕೇಳಿದರು.

"ಚಿತ್ರ ಇಲ್ಲದಿದ್ರೆ ಅರ್ಥ ಆಗುದಿಲ್ಲ ಸರ್."

"ನನಗೆ ಅರ್ಥ ಆಗ್ತದೆ."

"ನಿಮಗೆ ಮೊದಲೇ ಗೊತ್ತುಂಟಲ್ಲ ಸರ್."

ಲೆಕ್ಚರರ್ ಸ್ವಲ್ಪ ಹೊತ್ತು ನನ್ನನ್ನು ನೋಡಿದರು. ಎರಡು ವರ್ಷ ಇವಳಿಗೆ ಪಾಠ ಮಾಡಿದವನು ನಾನು, ನೀವು ಈಗ ತಾನೇ ಬಂದಿದ್ದೀರಿ ಎಂಬಂತಿತ್ತು ಆ ನೋಟ.

ಎದುರು ಮನೆಯವರು

ಸುರತ್ಕಲ್ಲಿನಲ್ಲಿ ದೊಡ್ಡ ಇಂಜಿನಿಯರಿಂಗ್ ಸಂಸ್ಥೆಯೊಂದು ಇರುವುದು ಎಲ್ಲರಿಗೂ ಗೊತ್ತು. ಅಕ್ಕನ ಮನೆಯಿಂದ ಅದರ ಗೇಟಿಗೆ ನಡೆದೇ ಹೋಗಬಹುದು. ಇದರಿಂದ ಅಕ್ಕನಿಗೆ ಆಗಿರುವ ಲಾಭ ಏನೂ ಇಲ್ಲ, ತೊಂದರೆ ಬಹಳ. ಬೆಳ್ತಂಗಡಿ ಕಡೆಯ ದೊಡ್ಡಪ್ಪ ಒಬ್ಬರು ಬಂದವರು ಕಾಲು ತೊಳೆಯುವ ಮುಂಚೆಯೇ ಶುರು ಮಾಡಿದರು.

"ಮನೆ ಎದುರೇ ಅಷ್ಟು ದೊಡ್ಡ ಕಾಲೇಜು ಉಂಟು. ಅದನ್ನು ಬಿಟ್ಟು ಹುಡುಗಿಯನ್ನು ಎಲ್ಲಿಗೆ ಕಳಿಸ್ತೀರಿ ಮಾರಾಯ್ರೆ?"

ಭಾವ ನಿಧಾನವಾಗಿ ವಿವರಿಸಿದರು. ಅಲ್ಲಿಗೆ ಬೇರೆಯೇ ಪರೀಕ್ಷೆ ಉಂಟು, ದೇಶದ ಮೂಲೆಮೂಲೆಯಿಂದ ಮಕ್ಕಳು ಬರ್ತಾರೆ, ಸೀಟು ಸಿಗುವುದು ಸುಲಭ ಅಲ್ಲ, ಮತ್ತು ನಮ್ಮವಳಿಗೆ ಇಂಜಿನಿಯರಿಂಗ್ ಬೇಡ.

"ಎಲ್ಲಿಯೋ ಬಿಹಾರದಿಂದ ಬಂದವನಿಗೆ ಕೊಡ್ತಾರೆ, ಎದುರು ಮನೆಯವರಿಗೆ ಇಲ್ವಾ? ನೀವು ಹೋಗಿ ಕೇಳಿದ್ದೀರಾ?"

"ಕೇಳಲಿಲ್ಲ."

"ಅದೇ ನೋಡಿ. ಕೇಳದೆ ಯಾರು ಕೊಡ್ತಾರೆ?"

ಕಾಫಿ ಕುಡಿದು, ಶಾಲು ಹೊದ್ದು, ದೊಡ್ಡಪ್ಪ ತಾವೇ ಕೇಳಿಕೊಂಡು ಬರಲು ಹೊರಟರು. ನಾವು ಯಾರೂ ತಡೆಯಲಿಲ್ಲ, ತಡೆದರೆ ಮಧ್ಯಾಹ್ನದವರೆಗೂ ಅದೇ ಮಾತು. ಒಂದು ಗಂಟೆ ಬಿಟ್ಟು ವಾಪಸು ಬಂದವರು ಜಗಲಿಯಲ್ಲಿ ಕುಳಿತು ಬೆವರು ಒರೆಸಿಕೊಂಡರು.

"ಗೇಟಿನ ವಾಚ್‌ಮನ್ ನಮ್ಮ ಕಡೆಯವನೇ, ಪಾಪ, ಒಳ್ಳೇ ಜನ. ನೀವು ಹೇಳಿದ್ದು ಸರಿ. ಅವನು ಗೇಟಿನ ಒಳಗೇ ಇರುವುದು, ಅವನ ಮಗನಿಗೇ ಸಿಗ್ಲಿಲ್ಲಂತೆ."

ಪಂಕ್ತಿಯಲ್ಲಿ ಏರಿದ ಮಾರ್ಕು

ಅದೇ ವಾರ ಸಂಬಂಧಿಕರ ಮನೆಯ ಉಪನಯನ. ಊಟಕ್ಕೆ ಕುಳಿತಾಗ ಅಕ್ಕನ ಪಕ್ಕದ ಎಲೆಯವರು ಮಾರ್ಕು ಕೇಳಿದರು. ಅಕ್ಕ ಸುಳ್ಳು ಹೇಳುವವಳಲ್ಲ, ಐವತ್ತೇಳು ಎಂದಳು. ಪಕ್ಕದವರು ಕರುಣೆಯುಳ್ಳವರು. ತಮ್ಮ ಆಚೆಯವರಿಗೆ ಹೇಳುವಾಗ ಫಸ್ಟ್ ಕ್ಲಾಸ್ ಎಂದರು. ಸಾರು ಬರುವಷ್ಟರಲ್ಲಿ ಸುದ್ದಿ ಪಂಕ್ತಿಯ ಮಧ್ಯಕ್ಕೆ ತಲುಪಿ ಡಿಸ್ಟಿಂಕ್ಷನ್ ಆಗಿತ್ತು. ಪಾಯಸದ ಹೊತ್ತಿಗೆ ಅದು ತಿರುಗಿ ಎದುರಿನ ಸಾಲಿಗೆ ಬಂತು, ಅಲ್ಲಿ ಕುಳಿತಿದ್ದ ನನಗೆ ಯಾರೋ ಹೇಳಿದರು, "ಸುರತ್ಕಲ್ ಭಟ್ಟರ ಮಗಳಿಗೆ ಭಾರೀ ಮಾರ್ಕಂತೆ, ನಿಮಗೆ ಗೊತ್ತುಂಟಾ?" ನಾನು ಗೊತ್ತಿಲ್ಲ ಎಂದೆ.

ಕೈ ತೊಳೆಯುವಲ್ಲಿ ಒಬ್ಬ ಹಿರಿಯರು ಹುಡುಗಿಯನ್ನು ಹಿಡಿದು ನಿಲ್ಲಿಸಿದರು.

"ರ‍್ಯಾಂಕ್ ಅಂತೆ. ಪೇಪರಿನಲ್ಲಿ ಫೋಟೋ ನೋಡಿದ್ದೆ. ಭಾರೀ ಸಂತೋಷ."

"ರ‍್ಯಾಂಕ್ ಇಲ್ಲ. ನನಗೆ ಐವತ್ತೇಳು ಪರ್ಸೆಂಟ್."

ಹಿರಿಯರು ನನ್ನ ಕಡೆ ತಿರುಗಿ, "ಇಷ್ಟು ಮಾರ್ಕು ಬಂದರೂ ವಿನಯ ನೋಡಿ," ಎಂದರು. ಆಮೇಲೆ ಮುಂದಿನ ವರ್ಷ ಪರೀಕ್ಷೆ ಬರೆಯಲಿರುವ ಮೊಮ್ಮಗನಿಗಾಗಿ ಅವಳ ನೋಟ್ಸ್ ಕೇಳಿದರು. ಅವಳು ಮರುದಿನವೇ ಎಲ್ಲವನ್ನೂ ಕಟ್ಟಿ ಕೊಟ್ಟಳು.

ಮರುವರ್ಷ ಆ ಹುಡುಗನಿಗೆ ತೊಂಬತ್ತೊಂದು ಪರ್ಸೆಂಟ್ ಬಂತು. ಸ್ವೀಟ್ ಬಾಕ್ಸ್ ಹಿಡಿದುಕೊಂಡು ಬಂದ. "ಅಕ್ಕ, ನಿಮ್ಮ ನೋಟ್ಸಿನಲ್ಲಿ ಎಲ್ಲ ಉಂಟು," ಎಂದ. "ನಾನು ಅದರಲ್ಲಿ ಕಾಲು ಭಾಗ ಬರೆದು ಮುಂದೆ ಹೋದೆ, ಅಷ್ಟೆ."

ಕಲ್ಲಿನಲ್ಲಿ ಹೆಸರು

ಒಂದು ಹೊಸ ಕಾಲೇಜಿನ ಕಟ್ಟಡ ನೋಡಿ ಭಾವನಿಗೆ ಬಹಳ ಮೆಚ್ಚಿಕೆಯಾಯಿತು. ನೆಲದಲ್ಲಿ ಮುಖ ಕಾಣುತ್ತಿತ್ತು. ಪುಸ್ತಿಕೆಯಲ್ಲಿ ಈಜುಕೊಳದ ಚಿತ್ರ ನಾಲ್ಕು ಪುಟಗಳಲ್ಲಿ ಇತ್ತು, ಪಾಠ ಮಾಡುವವರದ್ದು ಹುಡುಕಬೇಕಿತ್ತು. ಆಡಳಿತದ ಮ್ಯಾನೇಜರ್ ನಮ್ಮನ್ನು ಎಸಿ ಕೋಣೆಯಲ್ಲಿ ಕೂರಿಸಿ, ಫೀಸಿನ ವಿಷಯ ಹೇಳಿ, ಆಮೇಲೆ ಧ್ವನಿ ತಗ್ಗಿಸಿದ.

"ಮಾರ್ಕು ಸ್ವಲ್ಪ ಕಡಿಮೆ ಉಂಟಲ್ವಾ. ಹಾಗಾಗಿ ಬಿಲ್ಡಿಂಗ್ ಫಂಡಿಗೆ ಪ್ರತ್ಯೇಕ ಒಂದು ಕೊಡ್ಲಿಕ್ಕೆ ಉಂಟು." ಎಷ್ಟು ಲಕ್ಷ ಎಂದು ಬಾಯಲ್ಲಿ ಹೇಳಲಿಲ್ಲ, ಮೇಜಿನ ಮೇಲೆ ಬೆರಳು ಇಟ್ಟು ತೋರಿಸಿದ.

ನಾನು ಏಳುವವನಿದ್ದೆ. ಭಾವ ಏಳಲಿಲ್ಲ. ಅವರ ಇಡೀ ಜೀವನ ಜೀರ್ಣೋದ್ಧಾರದ ದೇಣಿಗೆಗಳ ನಡುವೆಯೇ ಕಳೆದದ್ದು, ಈ ವಿಷಯದಲ್ಲಿ ಅವರಿಗೆ ಕ್ರಮ ಗೊತ್ತು.

"ಆಗಲಿ," ಎಂದರು. "ರಸೀದಿ ಯಾವ ಹೆಸರಿನಲ್ಲಿ ಕೊಡ್ತೀರಿ?"

"ಇದಕ್ಕೆ ರಸೀದಿ ಇಲ್ಲ ಭಟ್ರೇ."

"ಹೌದಾ. ಹಾಗಾದ್ರೆ ಕಲ್ಲು ಎಲ್ಲಿ ಹಾಕ್ತೀರಿ?"

"ಎಂತ ಕಲ್ಲು?"

"ಹೆಸರು ಕೆತ್ತಿದ ಕಲ್ಲು. ಇಷ್ಟು ಕೊಟ್ಟವರಿಗೆ ನಮ್ಮಲ್ಲಿ ಹೊರಗಿನ ಸುತ್ತಿನಲ್ಲಿ ಅಮೃತಶಿಲೆಯಲ್ಲೇ ಹಾಕ್ತೇವೆ. ಒಂದು ಟ್ಯೂಬ್‌ಲೈಟ್ ಕೊಟ್ಟರೂ ಪಟ್ಟಿಯ ಮೇಲೆ ಹೆಸರು ಬರೆಸ್ತೇವೆ, ಬೆಳಕು ಕಡಿಮೆ ಬಿದ್ದರೂ ಅಡ್ಡಿಲ್ಲ ಅಂತ."

ಮ್ಯಾನೇಜರ್ ನೀರು ಕುಡಿದ. ಇಲ್ಲಿ ಹಾಗೆಲ್ಲ ಇಲ್ಲ, ಇದು ಯಾರಿಗೂ ಗೊತ್ತಾಗದ ಹಾಗೆ ಕೊಡುವಂಥದ್ದು ಎಂದ.

ಭಾವನ ಮುಖದಲ್ಲಿ ನಿಜವಾದ ಗೌರವ ಮೂಡಿತು. "ಗುಪ್ತದಾನ," ಎಂದರು. "ಅದಕ್ಕೆ ನಮ್ಮಲ್ಲಿ ಹುಂಡಿ ಇಡ್ತೇವೆ. ನಿಮ್ಮದು ಎಲ್ಲಿ ಉಂಟು? ಹೋಗುವಾಗ ನನ್ನ ಶಕ್ತಿಗೆ ತಕ್ಕಂತೆ ಹಾಕಿ ಹೋಗ್ತೇನೆ."

ಬಾಗಿಲವರೆಗೆ ನಡೆಯುವುದು

ಬೈಕಂಪಾಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಹಾಜಿಯವರು ಭಾವನ ಹಳೆಯ ಸ್ನೇಹಿತರು. ದೇವಸ್ಥಾನದ ಮಾಡಿಗೆ ಶೀಟು ಹಾಕಿಸುವಾಗ ಆದ ಪರಿಚಯ. ನಮ್ಮ ಕಥೆ ಕೇಳಿ ಅವರಿಗೆ ನಮ್ಮ ಮೇಲೆಯೇ ಸಿಟ್ಟು ಬಂತು.

"ಅವರು ಹೇಳಿದ ರೇಟಿಗೆ ನೀವು ತಲೆ ಆಡಿಸಿ ಕೂತರೆ ಯಾರು ಕಡಿಮೆ ಮಾಡ್ತಾರೆ? ರೇಟ್ ಕೇಳಿ. ಮುಖ ಸಣ್ಣ ಮಾಡಿ. ಎದ್ದು ಬಾಗಿಲವರೆಗೆ ನಡೀರಿ. ತಿರುಗಿ ನೋಡ್ಲಿಕ್ಕಿಲ್ಲ. ಕರೀತಾರೆ. ಮೂವತ್ತು ವರ್ಷದಿಂದ ನನ್ನ ಅಂಗಡಿಯಲ್ಲಿ ಗಿರಾಕಿಗಳು ನನಗೆ ಮಾಡಿದ್ದು ಅದನ್ನೇ, ಪ್ರತಿ ಸಲವೂ ನಾನು ಕರೆದಿದ್ದೇನೆ."

ಮುಂದಿನ ಕಾಲೇಜಿನಲ್ಲಿ ಭಾವ, ಹಾಜಿಯವರು ಹೇಳಿದಂತೆಯೇ ಮಾಡಿದರು. ಫೀಸು ಕೇಳಿದರು, ಮುಖ ಸಣ್ಣ ಮಾಡಿದರು. ಅದಕ್ಕೆ ಪ್ರಯತ್ನ ಬೇಕಾಗಲಿಲ್ಲ. ಎದ್ದು ಬಾಗಿಲವರೆಗೆ ನಡೆದರು. ಯಾರೂ ಕರೆಯಲಿಲ್ಲ. ತಿರುಗಿ ನೋಡಬಾರದು ಎಂದು ಹಾಜಿಯವರು ಹೇಳಿದ್ದರಿಂದ ಹಾಗೆಯೇ ಮೆಟ್ಟಿಲು ಇಳಿದರು, ಅಂಗಳ ದಾಟಿದರು, ಗೇಟು ದಾಟಿದರು. ಹಿಂದೆ ನಾನು, ನನ್ನ ಹಿಂದೆ ಹುಡುಗಿ. ಬಸ್ ಸ್ಟಾಪಿಗೆ ಬಂದ ಮೇಲೂ ಭಾವ ರಸ್ತೆಯ ಕಡೆಯೇ ಮುಖ ಮಾಡಿ ನಿಂತಿದ್ದರು. ಬಸ್ಸು ಬಂತು, ಹತ್ತಿದರು. ನನ್ನ ಸ್ಕೂಟರ್ ಕಾಲೇಜಿನ ಒಳಗೇ ಇತ್ತು. ಆಗಲೇ ತರಲು ಹೋದರೆ ಚೌಕಾಸಿಯಲ್ಲಿ ಸೋತು ವಾಪಸು ಬಂದ ಹಾಗೆ ಆಗುತ್ತದೆ ಎಂದು ಸಂಜೆಯವರೆಗೆ ಕಾದು ತಂದೆ.

ಕರೆಯಲೇ ಇಲ್ಲ ಎನ್ನುವಂತಿಲ್ಲ. ಮರುದಿನದಿಂದ ಆ ಕಾಲೇಜಿನವರ ಫೋನು ಶುರುವಾಯಿತು. ಫೀಸು ಸ್ವಲ್ಪ ಕಡಿಮೆ ಮಾಡುತ್ತಾರಂತೆ, ಆದರೆ ಹಾಸ್ಟೆಲ್ ಕಡ್ಡಾಯ. ಹಾಸ್ಟೆಲಿನ ಖರ್ಚು ಕೇಳಿದ ಭಾವ ಫೋನ್ ಕೆಳಗಿಟ್ಟು, ಅಭ್ಯಾಸಬಲದಿಂದ ಎದ್ದು ಬಾಗಿಲವರೆಗೆ ನಡೆದರು.

ಓಟಿಪಿ

ಕೊನೆಗೆ ಪೇಟೆಯೊಳಗೆ ಒಂದು ಹಳೆಯ ಕಾಲೇಜು ಸಿಕ್ಕಿತು. ಕಟ್ಟಡಕ್ಕೆ ಬಣ್ಣ ಹಚ್ಚಿ ಬಹಳ ಕಾಲವಾಗಿತ್ತು, ಆದರೆ ಲ್ಯಾಬಿನಲ್ಲಿ ರಜೆಯ ದಿನವೂ ನಾಲ್ಕು ಮಕ್ಕಳು ಕೆಲಸ ಮಾಡುತ್ತಿದ್ದರು. ಫೀಸು ಭಾವನ ಕೈಗೆ ಎಟಕುವಂಥದ್ದು. ಸುರತ್ಕಲ್ಲಿನಿಂದ ಒಂದೇ ಬಸ್ಸು. ಹುಡುಗಿ ಲ್ಯಾಬಿನ ಕಿಟಕಿಗೆ ಮುಖ ಒತ್ತಿ ನಿಂತವಳು ನಾವು ಎರಡು ಸಲ ಕರೆದರೂ ಬರಲಿಲ್ಲ. ಸೀಟು ಕಡಿಮೆ, ಅರ್ಜಿ ಬಹಳ. ಇದು ತಪ್ಪಿದರೆ ಬೇರೆ ದಾರಿ ಇಲ್ಲ ಎಂದು ನಮಗೆಲ್ಲ ಗೊತ್ತಿತ್ತು.

ಅರ್ಜಿ ಆನ್‌ಲೈನ್. ಅಕ್ಕ ಹಟ ಹಿಡಿದಳು, ದೇವರ ಪಾದದ ಹತ್ತಿರ ಇಡದೆ ಅರ್ಜಿ ಕಳಿಸುವುದಿಲ್ಲ ಎಂದು. ಕಾಗದವಾದರೆ ಇಡಬಹುದು, ಇದನ್ನು ಇಡುವುದು ಹೇಗೆ? ಭಾವ ಯೋಚಿಸಿ ತಮ್ಮ ಮೊಬೈಲನ್ನೇ ಒಳಗೆ ತೆಗೆದುಕೊಂಡು ಹೋಗಿ ಪೀಠದ ಬುಡದಲ್ಲಿಟ್ಟು ಮಧ್ಯಾಹ್ನದ ಪೂಜೆಗೆ ಕುಳಿತರು. ಹುಡುಗಿ ಹೊರಗೆ ಚಂದ್ರಶಾಲೆಯ ಜಗಲಿಯಲ್ಲಿ ನನ್ನ ಲ್ಯಾಪ್‌ಟಾಪಿನಲ್ಲಿ ಅರ್ಜಿ ತುಂಬಿ ಸಬ್ಮಿಟ್ ಒತ್ತಿದಳು. ಓಟಿಪಿ ಹಾಕಿ ಎಂದು ಬಂತು. ಓಟಿಪಿ ಬರುವುದು ಭಾವನ ಮೊಬೈಲಿಗೆ. ಮೊಬೈಲು ಗರ್ಭಗುಡಿಯಲ್ಲಿ. ಗರ್ಭಗುಡಿಗೆ ಭಾವ ಬಿಟ್ಟು ಬೇರೆ ಯಾರೂ ಹೋಗುವಂತಿಲ್ಲ. ಭಾವ ಪೂಜೆಯ ನಡುವೆ ಬೇರೆ ಮಾತಾಡುವಂತಿಲ್ಲ.

"ಅಪ್ಪ, ಓಟಿಪಿ," ಎಂದು ಅವಳು ಬಾಗಿಲ ಹತ್ತಿರ ನಿಂತು ಮೆಲ್ಲಗೆ ಹೇಳಿದಳು. ಭಾವ ಕೈಯಲ್ಲೇ ತಾಳು ಎಂದರು. ಮಂಗಳಾರತಿ ಆಯಿತು. ಓಟಿಪಿಯ ಅವಧಿಯೂ ಮುಗಿಯಿತು.

ಅವಳು ಇನ್ನೊಂದು ಸಲ ಒತ್ತಿದಳು. ಅಂದು ಅರ್ಜಿಗೆ ಕೊನೆಯ ದಿನ. ಅವಳ ಮುಖ ನೋಡಿ ಭಾವನಿಗೆ ಅರ್ಥವಾಗಿರಬೇಕು. ಮಂತ್ರ ನಿಲ್ಲಿಸಲಿಲ್ಲ. ಅದೇ ಸ್ವರದಲ್ಲಿ, ಅದೇ ಏರಿಳಿತದಲ್ಲಿ, ಪೀಠದ ಬುಡದಲ್ಲಿ ಬೆಳಗುತ್ತಿದ್ದ ಮೊಬೈಲ್ ನೋಡುತ್ತ ಹೇಳಿದರು, "ಸಪ್ತ... ಶೂನ್ಯಂ... ಚತ್ವಾರಿ... ಚತ್ವಾರಿ... ನವ... ಏಕಂ." ಹುಡುಗಿ ಪಿಯುಸಿಯಲ್ಲಿ ಸಂಸ್ಕೃತ ತೆಗೆದುಕೊಂಡದ್ದು ಉಪಯೋಗಕ್ಕೆ ಬಂತು. ಅರ್ಜಿ ಹೋಯಿತು.

ಹೊರಗೆ ಕೈ ಮುಗಿದು ನಿಂತಿದ್ದ ಭಕ್ತರೊಬ್ಬರು ತೀರ್ಥ ತೆಗೆದುಕೊಳ್ಳುವಾಗ ಕೇಳಿದರು, "ಭಟ್ರೇ, ಇವತ್ತಿನ ಮಂತ್ರ ಮೊದಲು ಕೇಳಿದ್ದಲ್ಲ. ಅದು ಎಂತಕ್ಕೆ?"

"ವಿದ್ಯಾಪ್ರಾಪ್ತಿಗೆ," ಎಂದರು ಭಾವ. "ಆದರೆ ಹತ್ತು ನಿಮಿಷ ಮಾತ್ರ ಫಲ ಕೊಡ್ತದೆ."

ಇಂಟರ್‌ವ್ಯೂ

ಇಂಟರ್‌ವ್ಯೂಗೆ ಕರೆ ಬಂತು. ಫೋನಿನಲ್ಲಿ ಅದನ್ನು ತಿಳಿಸಿದ ಕಾಲೇಜು ಆಫೀಸಿನ ಹೆಂಗಸು ನಮಗೊಂದು ಉಪಕಾರ ಮಾಡಿದರು. "ಅರವತ್ತಕ್ಕಿಂತ ಕಡಿಮೆ ಇದ್ದವರನ್ನು ಕೊನೆಗೆ ಒಂದು ಕೇಳಿಯೇ ಕೇಳ್ತಾರೆ, ಮಾರ್ಕು ಯಾಕೆ ಕಡಿಮೆ ಅಂತ. ಸುಮಾರು ಜನ ಅಲ್ಲೇ ಬಿದ್ದು ಹೋಗುವುದು. ಅದಕ್ಕೊಂದು ಸರಿಯಾದ ಉತ್ತರ ತಯಾರು ಮಾಡಿ."

ಇಡೀ ವಾರ ಅದೊಂದೇ ಪ್ರಶ್ನೆಗೆ ತಯಾರಿ. ಜ್ವರ ಇತ್ತು ಎಂದು ಹೇಳು ಎಂದಳು ಅಕ್ಕ. "ಜ್ವರ ಇರಲಿಲ್ಲ," ಎಂದಳು ಹುಡುಗಿ. ದೇವರ ಇಚ್ಛೆ ಎಂದು ಹೇಳು ಎಂದರು ಭಾವ. "ದೇವರಿಗೆ ಎಂತಕ್ಕೆ ಹೊರೆ," ಎಂದಳು. ನಾನು ನನ್ನ ಆಫೀಸಿನ ಭಾಷೆಯಲ್ಲಿ, ನಿಯಂತ್ರಣಕ್ಕೆ ಮೀರಿದ ಕಾರಣಗಳಿಂದ, ಎಂದು ಒಂದು ವಾಕ್ಯ ಮಾಡಿಕೊಟ್ಟೆ. ಅವಳು ಅದನ್ನು ಓದಿ, "ಮಾವ, ಇದರಲ್ಲಿ ಕಾರಣ ಎಲ್ಲಿ ಉಂಟು?" ಎಂದು ಕೇಳಿದಳು. ಮೂವತ್ತು ವರ್ಷದ ಸರ್ವಿಸಿನಲ್ಲಿ ಯಾರೂ ಕೇಳದ ಪ್ರಶ್ನೆ.

ಆ ದಿನ ನಾನೂ ಭಾವನೂ ಕೋಣೆಯ ಹೊರಗಿನ ಬೆಂಚಿನಲ್ಲಿ ಕುಳಿತೆವು. ಬಾಗಿಲಿನ ಚಿಲಕ ಸರಿ ಇರಲಿಲ್ಲ, ಅರ್ಧ ತೆರೆದೇ ಇತ್ತು. ಒಳಗೆ ಪ್ರಿನ್ಸಿಪಾಲರು, ವಿಭಾಗದ ಮುಖ್ಯಸ್ಥೆ ಮೇಡಂ, ಮತ್ತು ಆಡಳಿತ ಮಂಡಳಿಯ ಒಬ್ಬರು. ನನಗೆ ಹೆದರಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ. ಭಾವ ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದರು.

"ಈ ಕೋರ್ಸೇ ಯಾಕೆ ಬೇಕು?" ಎಂದು ಪ್ರಿನ್ಸಿಪಾಲರು ಕೇಳಿದ್ದು ಕೇಳಿಸಿತು.

ಹುಡುಗಿ ಪಂಚಕಜ್ಜಾಯದಿಂದ ಶುರು ಮಾಡಿದಳು. ಹೆಸರುಬೇಳೆಯದ್ದು, ಕಡ್ಲೆಬೇಳೆಯದ್ದು, ಅವಲಕ್ಕಿಯದ್ದು, ಮೂರೂ ಬೇರೆ ಬೇರೆ. ಹಸಿ ತೆಂಗಿನತುರಿ ಹಾಕಿದರೆ ಏನಾಗುತ್ತದೆ, ಹುರಿದು ಹಾಕಿದರೆ ಏನಾಗುತ್ತದೆ. ಆಮೇಲೆ ಚಾಕ್‌ಪೀಸ್ ಸಿಗಬಹುದಾ ಎಂದು ಕೇಳಿದಳು. ಬೋರ್ಡಿನ ಮೇಲೆ ಗೆರೆ ಎಳೆಯುವ ಸದ್ದು ಕೇಳಿದಾಗ ನಾನು ಗಡಿಯಾರ ನೋಡಿದೆ. ಚಿತ್ರ ಶುರುವಾಗಿತ್ತು. ಚಿತ್ರದ ನಂತರ ಬಾಣಗಳಿವೆ.

ಪ್ಯೂನ್ ಕಾಫಿ ಒಳಗೆ ಕೊಟ್ಟು ಬಂದ. ಸ್ವಲ್ಪ ಹೊತ್ತು ಬಿಟ್ಟು ಖಾಲಿ ಲೋಟ ತರಲು ಹೋದವನು ಬಾಗಿಲಲ್ಲೇ ನಿಂತು ಕೇಳತೊಡಗಿದ. ಆಡಳಿತ ಮಂಡಳಿಯವರ ಧ್ವನಿ ಕೇಳಿಸಿತು, "ಚೌತಿಗೆ ನಮ್ಮ ಮನೆಯಲ್ಲಿ ಮಾಡಿದ್ದು ಎರಡನೇ ದಿನಕ್ಕೇ ಹಾಳಾಯ್ತು, ಅದು ಯಾಕೆ?"

"ಅದು ಮಳೆಗಾಲದ ಭಾಗದಲ್ಲಿ ಬರ್ತದೆ ಸರ್," ಎಂದಳು ನಮ್ಮ ಹುಡುಗಿ. "ಈಗ ಬೇಸಿಗೆ ಮುಗೀಲಿ."

ಬೆಂಚಿನಲ್ಲಿ ಕಾಯುತ್ತಿದ್ದ ಒಬ್ಬ ತಾಯಿ ಭಾವನನ್ನು ಕೇಳಿದರು, "ಒಳಗೆ ಎಂತ, ಕ್ಲಾಸ್ ಶುರುವಾಯ್ತಾ?"

ಮಳೆಗಾಲದ ಭಾಗವೂ ಬಂತು. ಚೌತಿಯ ಕಾರಣ ತಿಳಿದು ಆಡಳಿತ ಮಂಡಳಿಯವರು "ಹೋ" ಎಂದರು. ಮೇಡಂ ನಡುನಡುವೆ ಏನೋ ಕೇಳುತ್ತಿದ್ದರು, ಇವಳು ಏನೋ ಹೇಳುತ್ತಿದ್ದಳು, ಇಬ್ಬರ ಧ್ವನಿಯೂ ಏರುತ್ತಿತ್ತು. ಅಷ್ಟರಲ್ಲಿ ಊಟದ ಗಂಟೆ ಬಾರಿಸಿತು. ಆ ಗಂಟೆಯ ಸದ್ದಿಗೆ ನಾನೂ ಭಾವನೂ ಮುಖ ಮುಖ ನೋಡಿಕೊಂಡೆವು. ಅವಳ ಬದುಕಿನಲ್ಲಿ ಗಂಟೆ ಒಳ್ಳೆಯ ಸುದ್ದಿ ತಂದದ್ದಿಲ್ಲ.

ಮೇಡಂ ಹೊರಗೆ ಬಂದರು. ಸೀರೆಯ ಸೆರಗಿಗೆ ಚಾಕ್‌ಪೀಸಿನ ಹುಡಿ ಅಂಟಿತ್ತು, ಅವರೂ ಬೋರ್ಡಿಗೆ ಹೋಗಿದ್ದಿರಬೇಕು. "ಭಟ್ರೇ, ಲ್ಯಾಬಿನಲ್ಲಿ ಕೂತು ಮುಗಿಸಿಯೇ ಏಳುವ ಮಕ್ಕಳು ನನಗೆ ಬೇಕು," ಎಂದರು. "ಪ್ರಿನ್ಸಿಪಾಲರು ಸಹಿ ಹಾಕಿದ್ದಾರೆ. ಸೋಮವಾರ ಫೀಸು ಕಟ್ಟಿ."

ಭಾವ ಎದ್ದು ನಿಂತು ಕೈ ಮುಗಿದರು, ಮತ್ತೆ ಬೆಂಚಿನಲ್ಲಿ ಕುಳಿತುಬಿಟ್ಟರು. ಶಾಲಿನಿಂದ ಮುಖ ಒರೆಸಿಕೊಂಡರು. ನಾನು ಅಕ್ಕನಿಗೆ ಫೋನ್ ಮಾಡಿದೆ, ಅವಳು ಕೇಳಿದ್ದು ಒಂದೇ, ಆ ಮಾರ್ಕಿನ ಪ್ರಶ್ನೆಗೆ ಹುಡುಗಿ ಎಂತ ಹೇಳಿದಳು ಎಂದು. ಅದು ನನಗೂ ಗೊತ್ತಿರಲಿಲ್ಲ. ಮೆಟ್ಟಿಲು ಇಳಿಯುತ್ತ ಅವಳನ್ನು ಕೇಳಿದೆ.

"ಮಾರ್ಕು ಯಾಕೆ ಕಡಿಮೆ ಅಂತ ಕೇಳಿದ್ರಲ್ಲ, ಎಂತ ಹೇಳಿದೆ?"

"ಕೇಳಲಿಲ್ಲ ಮಾವ."

"ಕೇಳಲಿಲ್ವಾ? ಎಲ್ಲರಿಗೂ ಕೇಳ್ತಾರಂತಲ್ಲ?"

"ಅದು ಅವರ ಕೊನೆಯ ಪ್ರಶ್ನೆ," ಎಂದಳು ಹುಡುಗಿ, ಕೈಗೆ ಅಂಟಿದ ಚಾಕ್‌ಪೀಸಿನ ಹುಡಿ ಕೊಡವುತ್ತ. "ಪಾಪ, ಅವರಿಗೆ ಟೈಮ್ ಸಾಕಾಗ್ಲಿಲ್ಲ."